ಹಾಲುಹಲ್ಲುಗಳ ಆರೈಕೆಯಲ್ಲಿ ತಾಯಂದಿರ ಪಾತ್ರ ಮತ್ತು ಲಭ್ಯವಿರುವ ಸರ್ಕಾರಿ ಸೇವೆಗಳು

ಆರು ವರ್ಷದೊಳಗಿನ ಮಕ್ಕಳ ಹಲ್ಲುಗಳ ರಕ್ಷಣೆಯ ಬಗ್ಗೆ ತಾಯಂದಿರು ಹಾಗೂ ಮನೆಯ ಇತರ ಸದಸ್ಯರು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಹಾಗೂ ಇವುಗಳ ನೆರೆಯ ಹಳೆಯ ಬಡಾವಣೆಗಳ ನಿವಾಸಿಗಳು ಮಕ್ಕಳ ದಂತ ಚಿಕಿತ್ಸೆಯನ್ನು ಸರ್ಕಾರಿ ಸಂಸ್ಥೆಗಳಲ್ಲಿ ಪಡೆಯುವ ವಿಧಾನವನ್ನು ಕೊನೆಯ ಭಾಗದಲ್ಲಿ ನೀಡಲಾಗಿದೆ.

ಭಾರತೀಯ ದಂತ ವೈದ್ಯಕೀಯ ಪರಿಷತ್ತಿನ ವತಿಯಿಂದ 2002–03ರಲ್ಲಿ ನಡೆದ ರಾಷ್ಟ್ರೀಯ ಬಾಯಿ ಆರೋಗ್ಯ ಸಮೀಕ್ಷೆಯಲ್ಲಿ, 5 ವರ್ಷ ವಯಸ್ಸಿನ ಮಕ್ಕಳ ಪೈಕಿ ಶೇ. 51.9ರಷ್ಟು ಮಕ್ಕಳಿಗೆ ದಂತಕ್ಷಯ ಅಂದರೆ ಹುಳುಕು ಇರುವುದು ಕಂಡುಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ 51.4 ಕೋಟಿ ಮಕ್ಕಳ ಹಾಲುಹಲ್ಲುಗಳು ಹುಳುಕಾಗಿವೆ. ಈ ರೋಗವನ್ನು ತಡೆಯಲು ದುಬಾರಿ ಉಪಕರಣವಾಗಲೀ ಔಷಧಿಯಾಗಲೀ ಬೇಕಿಲ್ಲ. ಆದರೂ ಬಹಳಷ್ಟು ಮಕ್ಕಳನ್ನು ಮೊದಲ ಬಾರಿಗೆ ದಂತವೈದ್ಯರ ಬಳಿಗೆ ಕರೆತರುವುದು ಕೆನ್ನೆ ಬಾತು, ರಾತ್ರಿಯಿಡೀ ಮಗು ಅತ್ತ ಮರುದಿನವೇ ಆಗಿದೆ. ಆ ವೇಳೆಗೆ ಹಲ್ಲನ್ನು ಉಳಿಸುವ ಅವಕಾಶ ಹಲವು ಸಂದರ್ಭಗಳಲ್ಲಿ ಕಳೆದುಹೋಗಿರುತ್ತದೆ.

ಹಾಲುಹಲ್ಲು ಏಕೆ ಮುಖ್ಯ

"ಹೇಗಿದ್ದರೂ ಬಿದ್ದುಹೋಗುವ ಹಲ್ಲು, ಅದಕ್ಕೇಕೆ ಚಿಕಿತ್ಸೆ" ಎಂಬ ಅಭಿಪ್ರಾಯವು ವಿದ್ಯಾವಂತ ಕುಟುಂಬಗಳಲ್ಲಿಯೂ ಪ್ರಚಲಿತದಲ್ಲಿದೆ. ಬಿದ್ದ ಹಾಲುಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಮನೆಯ ಮಾಡಿನ ಮೇಲೆ ಎಸೆಯುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ಇದ್ದು, ಅದರಲ್ಲಿ ದೋಷವೇನೂ ಇಲ್ಲ. ಆದರೆ ಎಸೆಯುವ ವಯಸ್ಸು ಬರುವವರೆಗೆ ಆ ಹಲ್ಲು ಬಾಯಿಯಲ್ಲಿ ಗಟ್ಟಿಯಾಗಿ ಇರಬೇಕಾದುದು ಅಗತ್ಯ.

ಹಾಲುಹಲ್ಲುಗಳು ಒಟ್ಟು 20. ಸಾಮಾನ್ಯವಾಗಿ 6ನೇ ತಿಂಗಳ ಆಸುಪಾಸಿನಲ್ಲಿ ಕೆಳಗಿನ ಮುಂಬಾಚಿ ಹಲ್ಲುಗಳು ಮೂಡಲಾರಂಭಿಸಿ, ಎರಡೂವರೆಯಿಂದ ಮೂರು ವರ್ಷದೊಳಗೆ ಎಲ್ಲ ಹಲ್ಲುಗಳೂ ಬಂದಿರುತ್ತವೆ. ಮುಂದಿನ ಹಲ್ಲುಗಳು 6–7 ವರ್ಷಕ್ಕೆ ಬೀಳುತ್ತವೆಯಾದರೂ ಹಿಂದಿನ ಹಾಲುದವಡೆ ಹಲ್ಲುಗಳು 10ರಿಂದ 12 ವರ್ಷದವರೆಗೆ ಇರುತ್ತವೆ. ಅಂದರೆ ಮೂರನೆಯ ವಯಸ್ಸಿನಲ್ಲಿ ಹುಳುಕಾದ ದವಡೆ ಹಲ್ಲಿನೊಂದಿಗೆ ಮಗು ಇನ್ನೂ ಏಳೆಂಟು ವರ್ಷ ಊಟ ಮಾಡಬೇಕಾಗುತ್ತದೆ. ನೋವಿರುವ ಮಗು ಅಗಿಯುವುದನ್ನು ತಪ್ಪಿಸಿ ಮೆತ್ತನೆಯ, ಸಿಹಿಯಾದ ಆಹಾರವನ್ನೇ ಬಯಸುತ್ತದೆ; ನಿದ್ರೆ ಕೆಡುತ್ತದೆ; ತೂಕ ಏರದಿರಬಹುದು. ಬೇರಿನಲ್ಲಿ ಕೀವು ಉಂಟಾದರೆ ಅದರ ಕೆಳಗೆ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲಿಗೂ ಹಾನಿಯಾಗುವ ಸಂಭವವಿದೆ. ಹಲ್ಲನ್ನು ಅವಧಿಗೆ ಮುನ್ನವೇ ಕಿತ್ತರೆ ಅಕ್ಕಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲಿ, ಶಾಶ್ವತ ಹಲ್ಲು ಸೊಟ್ಟಗೆ ಹುಟ್ಟುತ್ತದೆ.

ಗರ್ಭಿಣಿಯರು ಗಮನಿಸಬೇಕಾದುದು

ಮಗುವಿನ ಹಾಲುಹಲ್ಲುಗಳ ಮೊಳಕೆ ಗರ್ಭದ 6ನೇ ವಾರದ ಸುಮಾರಿಗೆ ಆರಂಭವಾಗಿ, ನಾಲ್ಕನೆಯ ತಿಂಗಳಿನಿಂದ ಅವು ಗಟ್ಟಿಯಾಗತೊಡಗುತ್ತವೆ. ಮಗು ತಾಯಿಯ ಹಲ್ಲಿನಲ್ಲಿರುವ ಸುಣ್ಣವನ್ನು ಹೀರಿಕೊಳ್ಳುತ್ತದೆಂಬ ನಂಬಿಕೆ ಸರಿಯಲ್ಲ. ಗರ್ಭಾವಸ್ಥೆಯಲ್ಲಿ ವಸಡು ಊದಿಕೊಂಡು ರಕ್ತ ಬರುವುದು ರಸದೂತಗಳ ಏರುಪೇರಿನಿಂದ. ಹಲ್ಲುಜ್ಜುವುದನ್ನು ನಿಲ್ಲಿಸಿದರೆ ಅದು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ವಾಂತಿಯಾದ ಕೂಡಲೇ ಹಲ್ಲುಜ್ಜದೆ, ಮೊದಲು ನೀರಿನಿಂದ ಬಾಯಿ ಮುಕ್ಕಳಿಸಿ ಅರ್ಧ ಗಂಟೆಯ ಬಳಿಕ ಉಜ್ಜುವುದು ಸೂಕ್ತ.

ಗರ್ಭಿಣಿಯರು ದಂತ ಚಿಕಿತ್ಸೆ ಪಡೆಯಬಾರದೆಂಬ ಭಯಕ್ಕೂ ಆಧಾರವಿಲ್ಲ. 4ರಿಂದ 6ನೇ ತಿಂಗಳ ಅವಧಿ ಇದಕ್ಕೆ ಅನುಕೂಲಕರವಾಗಿದ್ದು, ತಾಯಿ ಕಾರ್ಡನ್ನು ವೈದ್ಯರಿಗೆ ತೋರಿಸತಕ್ಕದ್ದು. ಟೆಟ್ರಾಸೈಕ್ಲಿನ್ ವರ್ಗದ ಔಷಧಿಗಳು ಮಗುವಿನ ಹಲ್ಲಿಗೆ ಶಾಶ್ವತ ಕಲೆ ತರುವುದರಿಂದ ಗರ್ಭಿಣಿಯರೂ 8 ವರ್ಷದೊಳಗಿನ ಮಕ್ಕಳೂ ವೈದ್ಯರ ಸಲಹೆಯಿಲ್ಲದೆ ಅವುಗಳನ್ನು ಸೇವಿಸಬಾರದು.

ಮೊದಲ ಹಲ್ಲು ಮೂಡುವ ಕಾಲ

ಮೊದಲ ಹಲ್ಲು ತಡವಾಗಿ ಮೂಡಿದರೆ ತಾಯಿ ಗಾಬರಿಗೊಳ್ಳಬೇಕಿಲ್ಲ. ಒಂದು ವರ್ಷದವರೆಗೂ ಕಾಯಬಹುದು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗುವುದಿಲ್ಲವೆಂಬ ಮಾತು ಹಳೆಯ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಹಲ್ಲು ಹುಟ್ಟುವ ಕ್ರಮದಲ್ಲಿ ಮಗುವಿನಿಂದ ಮಗುವಿಗೆ ವ್ಯತ್ಯಾಸವಿರುವುದು ಸಹಜ. ಸೋದರಮಾವನ ಕ್ಷೇಮಕ್ಕೂ ಇದಕ್ಕೂ ಸಂಬಂಧವಿಲ್ಲ.

ಇದಕ್ಕಿಂತ ಅಪಾಯಕಾರಿಯಾದುದು, ಈ ವಯಸ್ಸಿನ ಜ್ವರ ಮತ್ತು ಭೇದಿಯನ್ನು "ಹಲ್ಲು ಬರುತ್ತಿದೆ" ಎಂದು ಕಡೆಗಣಿಸುವುದು. ಹಲ್ಲು ಮೂಡುವಾಗ ಜೊಲ್ಲು ಹೆಚ್ಚುವುದು, ವಸಡು ಕೆಂಪಾಗುವುದು, ಸಿಕ್ಕಿದ್ದನ್ನು ಕಚ್ಚುವುದು, ಕಿರಿಕಿರಿ ಮಾಡುವುದು ನಿಜ. ಆದರೆ ತೀವ್ರ ಜ್ವರವಾಗಲೀ ನೀರಿನಂತಹ ಭೇದಿಯಾಗಲೀ ಹಲ್ಲಿನಿಂದ ಬರುವುದಿಲ್ಲ. ಮಗು ನೆಲದ ಮೇಲಿನ ವಸ್ತುಗಳನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸು ಇದೇ ಆಗಿರುವುದರಿಂದ ಸೋಂಕು ತಗಲುತ್ತದೆ. ಅಂತಹ ಮಗುವಿಗೆ ಕೂಡಲೇ ಓ.ಆರ್.ಎಸ್. ದ್ರಾವಣ ನೀಡಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯತಕ್ಕದ್ದು. ವಸಡಿನ ತುರಿಕೆಗೆ ಸ್ವಚ್ಛವಾದ, ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಕಚ್ಚಲು ಕೊಡುವುದೇ ಸಾಕು. ಜೇನುತುಪ್ಪ ಅಥವಾ ಕಲ್ಲುಸಕ್ಕರೆಯ ನೀರು ಸವರಿದ ನಿಪ್ಪಲ್ಲನ್ನು ಬಾಯಿಗಿಡುವುದು ತರವಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪವನ್ನು ಯಾವ ರೂಪದಲ್ಲಿಯೂ ನೀಡಬಾರದು.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳುವುದು ಅವಶ್ಯ. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ ದೊರೆಯುವ ಹೆರಿಗೆ ರಜೆ 26 ವಾರಗಳು. ಉದ್ಯೋಗಸ್ಥ ತಾಯಿ ಕೆಲಸಕ್ಕೆ ಮರಳುವುದೂ ಮಗುವಿನ ಮೊದಲ ಹಲ್ಲು ಇಣುಕುವುದೂ ಹೆಚ್ಚು ಕಡಿಮೆ ಏಕಕಾಲಕ್ಕೆ ಆಗುತ್ತವೆ. ರಜೆಯ ಸೌಲಭ್ಯವೇ ಇಲ್ಲದ ಮನೆಗೆಲಸದವರು, ಹೂ ಕಟ್ಟುವವರು, ಮಾರುಕಟ್ಟೆಯ ಕೂಲಿ ಮಹಿಳೆಯರು ಇನ್ನೂ ಮೊದಲೇ ಕೆಲಸಕ್ಕೆ ಹೋಗಬೇಕಾಗುತ್ತದೆ. ಆದುದರಿಂದ ಹಲ್ಲಿನ ಆರೈಕೆ ಆರಂಭವಾಗಬೇಕಾದ ದಿನಗಳಲ್ಲಿ ಮಗು ಅಜ್ಜಿ, ಅಕ್ಕ, ನೆರೆಯವರು ಅಥವಾ ಶಿಶುಪಾಲನಾ ಕೇಂದ್ರದವರ ಕೈಯಲ್ಲಿರುತ್ತದೆ. ಕೆಳಗೆ ತಾಯಿಗೆ ಹೇಳಿರುವ ಪ್ರತಿಯೊಂದು ಸೂಚನೆಯೂ ಮಗುವಿಗೆ ಉಣಿಸುವ ಮತ್ತು ಮಲಗಿಸುವ ಎಲ್ಲರಿಗೂ ಅನ್ವಯಿಸುತ್ತದೆ. ಮಗುವಿನ ಹಲ್ಲು ಹಾಳಾದಾಗ ತಾಯಿಯೊಬ್ಬಳನ್ನೇ ಹೊಣೆಮಾಡುವುದು ನ್ಯಾಯವೂ ಅಲ್ಲ, ಅದರಿಂದ ಪ್ರಯೋಜನವೂ ಇಲ್ಲ.

ರಾತ್ರಿಯ ಹಾಲು

ಹುಳುಕು ಎಂಬ ಪದದಲ್ಲಿಯೇ ಹುಳು ಇರುವುದರಿಂದ ಹಲ್ಲಿನೊಳಗೆ ಹುಳು ಸೇರಿದೆ ಎಂದು ತಿಳಿದು, ಹೊಗೆ ಹಾಕಿ ಹುಳು ತೆಗೆಯುವವರ ಬಳಿಗೆ ಹೋಗುವವರು ಇದ್ದಾರೆ. ಹಲ್ಲಿನಲ್ಲಿ ಹುಳುವಿರುವುದಿಲ್ಲ. ಬಾಯಿಯಲ್ಲಿರುವ ಸೂಕ್ಷ್ಮಾಣುಗಳು ಸಕ್ಕರೆಯನ್ನು ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಆ ಆಮ್ಲವು ಹಲ್ಲಿನ ಮೇಲ್ಕವಚದಿಂದ ಸುಣ್ಣದ ಅಂಶವನ್ನು ಕರಗಿಸುತ್ತದೆ. ತಿಂದ ಸುಮಾರು ಅರ್ಧ ಗಂಟೆಯ ಬಳಿಕ ಜೊಲ್ಲು ಆಮ್ಲವನ್ನು ತೊಳೆದು, ಕರಗಿದ ಅಂಶವನ್ನು ಹಲ್ಲಿಗೆ ಮರಳಿ ತುಂಬಲಾರಂಭಿಸುತ್ತದೆ. ಎಷ್ಟು ಸಿಹಿ ತಿಂದಿತೆಂಬುದರಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚಾಗಿ, ದಿನಕ್ಕೆ ಎಷ್ಟು ಸಲ ತಿಂದಿತೆಂಬುದು ಮುಖ್ಯವಾಗುವುದು ಈ ಕಾರಣದಿಂದ.

ನಿದ್ರೆಯಲ್ಲಿ ಜೊಲ್ಲು ಬಹಳ ಕಡಿಮೆ ಸ್ರವಿಸುತ್ತದೆ. ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಿಯಲ್ಲಿಟ್ಟುಕೊಂಡು ಮಗು ನಿದ್ರೆಗೆ ಜಾರಿದರೆ ಹಾಲು ಮೇಲಿನ ಮುಂಬಾಚಿ ಹಲ್ಲುಗಳ ಸುತ್ತ ಗಂಟೆಗಟ್ಟಲೆ ನಿಲ್ಲುತ್ತದೆ. ಕೆಳಗಿನ ಮುಂಬಾಚಿ ಹಲ್ಲುಗಳನ್ನು ನಾಲಗೆ ಮುಚ್ಚಿಕೊಂಡು ಕಾಪಾಡುತ್ತದೆ. ಮೇಲಿನ ನಾಲ್ಕು ಹಲ್ಲುಗಳು ಕಂದಾಗಿ ಸವೆದು, ಕೆಳಗಿನವು ಬೆಳ್ಳಗೆ ಇರುವ ಬಾಯಿಯನ್ನು ನೋಡಿದೊಡನೆ ದಂತವೈದ್ಯರು ರಾತ್ರಿಯ ಬಾಟಲಿಯ ಬಗ್ಗೆ ಕೇಳುವುದು ಇದರಿಂದಲೇ.

ಬಾಟಲಿಯನ್ನು ಬಳಸದೆ 6 ತಿಂಗಳ ನಂತರ ಲೋಟ ಅಥವಾ ಒಳಲೆಯಿಂದ ಹಾಲು ಕುಡಿಸುವ ಅಭ್ಯಾಸ ಮಾಡುವುದು ಅತ್ಯುತ್ತಮ. ಈಗಾಗಲೇ ಬಾಟಲಿಗೆ ಒಗ್ಗಿರುವ ಮಗುವಿಗೆ ಒಂದೇ ರಾತ್ರಿಯಲ್ಲಿ ಬಿಡಿಸುವುದು ಕಷ್ಟಸಾಧ್ಯ. ಹಾಲಿನ ಸಕ್ಕರೆಯನ್ನು ಮೊದಲು ನಿಲ್ಲಿಸಿ, ನಂತರ ಹಾಲಿಗೆ ದಿನದಿನವೂ ಸ್ವಲ್ಪ ಸ್ವಲ್ಪ ನೀರು ಹೆಚ್ಚಿಸುತ್ತಾ, ಒಂದೆರಡು ವಾರಗಳಲ್ಲಿ ಮಲಗುವ ಹೊತ್ತಿನ ಬಾಟಲಿಯಲ್ಲಿ ಬರೀ ಕಾಯಿಸಿ ಆರಿಸಿದ ನೀರು ಉಳಿಯುವಂತೆ ಮಾಡಬಹುದು. ಈ ದುರ್ಬಲ ಹಾಲು ರಾತ್ರಿಯ ಆ ಒಂದು ಬಾಟಲಿಗೆ ಮಾತ್ರ. ಹಗಲಿನ ಹಾಲಿಗೆ ನೀರು ಬೆರೆಸಬಾರದು. ಮೂರು ನಾಲ್ಕು ರಾತ್ರಿ ಮಗು ಅಳುವುದು ಖಂಡಿತ. ಅದೇ ಮನೆಯಲ್ಲಿ ಅಜ್ಜಿ ಅಥವಾ ತಾತ ಕನಿಕರದಿಂದ ಮತ್ತೆ ಸಿಹಿ ಹಾಲು ಕೊಟ್ಟರೆ ಅಷ್ಟೂ ಶ್ರಮ ವ್ಯರ್ಥವಾಗುವುದರಿಂದ, ಮನೆಯವರೆಲ್ಲರೂ ಮೊದಲೇ ಮಾತನಾಡಿಕೊಂಡು ಆರಂಭಿಸುವುದು ಒಳಿತು.

ತಾಯಿಯ ಎದೆಹಾಲಿನ ವಿಷಯ ಬೇರೆ. ಮೊದಲ 6 ತಿಂಗಳು ಎದೆಹಾಲನ್ನು ಮಾತ್ರ ನೀಡಿ, ನಂತರ ಪೂರಕ ಆಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಹಲ್ಲು ಹಾಳಾಗುತ್ತದೆಂದು ಎದೆಹಾಲನ್ನು ಬಿಡಿಸಬಾರದು. ಒಂದು ವರ್ಷ ದಾಟಿದ ಮಗು ರಾತ್ರಿಯಲ್ಲಿ ಪದೇ ಪದೇ ಹಾಲು ಕುಡಿಯುತ್ತಿದ್ದರೆ, ಮಲಗುವ ಮುನ್ನ ಹಲ್ಲುಗಳನ್ನು ಸ್ವಚ್ಛಗೊಳಿಸುವ ಬಗ್ಗೆ ಹೆಚ್ಚು ಕಾಳಜಿ ವಹಿಸುವುದು ಮತ್ತು ಹಗಲಿನಲ್ಲಿ ಸಕ್ಕರೆಯನ್ನು ದೂರವಿಡುವುದು ಅವಶ್ಯ.

ಉಜ್ಜುವ ಕ್ರಮ

ಹಲ್ಲು ಮೂಡುವ ಮುನ್ನ ಒದ್ದೆಯಾದ ಸ್ವಚ್ಛ ಬಟ್ಟೆಯನ್ನು ಬೆರಳಿಗೆ ಸುತ್ತಿ ವಸಡನ್ನು ಒರೆಸಬಹುದು. ಮೊದಲ ಹಲ್ಲು ಕಂಡ ದಿನದಿಂದಲೇ ಮೃದುವಾದ ಚಿಕ್ಕ ಬ್ರಷ್ಷಿನಿಂದ ದಿನಕ್ಕೆ ಎರಡು ಬಾರಿ ಉಜ್ಜತಕ್ಕದ್ದು. ಬೆಳಗಿನದು ತಪ್ಪಿದರೂ ರಾತ್ರಿಯದು ತಪ್ಪಬಾರದು. ರಾತ್ರಿಯ ಕ್ರಮ ಹೀಗಿರತಕ್ಕದ್ದು: ಮೊದಲು ಊಟ, ಆಮೇಲೆ ಹಾಲು, ಆಮೇಲೆ ಬ್ರಷ್, ಅದರ ನಂತರ ನೀರಲ್ಲದೆ ಬೇರೇನೂ ಇಲ್ಲ. ಉಜ್ಜಿದ ಮೇಲೆ ಹಾಲು ಕುಡಿಸಿ ಮಲಗಿಸುವ ರೂಢಿ ಅನೇಕ ಮನೆಗಳಲ್ಲಿದ್ದು, ಇದು ಉಜ್ಜಿದ್ದರ ಫಲವನ್ನು ಅಳಿಸಿಹಾಕುತ್ತದೆ.

ಮಗುವನ್ನು ನಿಲ್ಲಿಸಿಕೊಂಡು ಎದುರಿನಿಂದ ಉಜ್ಜಲು ಹೋದರೆ ಅದು ತಲೆ ತಿರುಗಿಸುತ್ತದೆ. ತಾಯಿ ನೆಲದ ಮೇಲೆ ಕುಳಿತು ಮಗುವಿನ ತಲೆಯನ್ನು ತನ್ನ ಮಡಿಲಲ್ಲಿ ಅಂಗಾತ ಇರಿಸಿಕೊಂಡರೆ ಬಾಯಿಯ ಒಳಭಾಗ ಪೂರ್ತಿ ಕಾಣುತ್ತದೆ. ಎಡಗೈ ಬೆರಳಿನಿಂದ ತುಟಿ ಸರಿಸಿ ಬಲಗೈಯಿಂದ ಉಜ್ಜಬಹುದು. ಮನೆಯಲ್ಲಿ ಇನ್ನೊಬ್ಬರಿದ್ದರೆ ಮಗುವಿನ ಕೈಗಳನ್ನು ಹಿಡಿದುಕೊಂಡು ಮಾತನಾಡಿಸುತ್ತಿರಲಿ. ಮಗುವಿಗೆ ತಾನೇ ಉಜ್ಜಿಕೊಳ್ಳುವ ಆಸೆ ಇದ್ದರೆ ಬ್ರಷ್ಷನ್ನು ಕೈಗೆ ಕೊಡಬಹುದು, ಆದರೆ ನಂತರ ದೊಡ್ಡವರು ಮತ್ತೊಮ್ಮೆ ಉಜ್ಜಬೇಕು. 7–8 ವರ್ಷದವರೆಗೆ ಮಕ್ಕಳ ಕೈಗೆ ಹಿಂದಿನ ಹಲ್ಲುಗಳನ್ನು ಸರಿಯಾಗಿ ಉಜ್ಜುವ ಹಿಡಿತ ಬಂದಿರುವುದಿಲ್ಲ.

ಟೂತ್‌ಪೇಸ್ಟ್ ವಿಷಯದಲ್ಲಿ ಗೊಂದಲ ಹೆಚ್ಚು. ಮೂರು ವರ್ಷದೊಳಗಿನ ಮಗುವಿಗೆ ಒಂದು ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದ ಮಗುವಿಗೆ ಒಂದು ಬಟಾಣಿ ಕಾಳಿನಷ್ಟು ಫ್ಲೋರೈಡ್ ಇರುವ ಪೇಸ್ಟ್ ಸಾಕು. ಜಾಹೀರಾತುಗಳಲ್ಲಿ ಬ್ರಷ್ಷಿನ ಉದ್ದಕ್ಕೂ ಹಾವಿನಂತೆ ಪೇಸ್ಟ್ ಹಾಕಿ ತೋರಿಸುವುದನ್ನು ಅನುಸರಿಸಬಾರದು. ನಮ್ಮ ದೇಶದಲ್ಲಿ ಪೇಸ್ಟ್‌ನ ಫ್ಲೋರೈಡ್ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 1000 ಭಾಗವನ್ನು, ಅಂದರೆ 1000 ಪಿ.ಪಿ.ಎಂ. ಅನ್ನು ಮೀರುವಂತಿಲ್ಲ; ಪ್ರಮಾಣವನ್ನು ಹೊದಿಕೆಯ ಮೇಲೆ ಮುದ್ರಿಸಬೇಕೆಂಬ ನಿಯಮವಿದೆ. ಮಕ್ಕಳ ಚಿತ್ರವಿರುವ ಕೆಲವು ಪೇಸ್ಟ್‌ಗಳಲ್ಲಿ ಫ್ಲೋರೈಡ್ ಬಹಳ ಕಡಿಮೆ ಇರುತ್ತದೆ ಅಥವಾ ಇರುವುದೇ ಇಲ್ಲ. ಕೊಳ್ಳುವ ಮುನ್ನ ಹೊದಿಕೆಯನ್ನು ಓದುವುದು ಉತ್ತಮ. ಉಜ್ಜಿದ ನಂತರ ಉಗುಳಿಸಬೇಕು. ಹೆಚ್ಚು ನೀರು ಹಾಕಿ ಮುಕ್ಕಳಿಸುವ ಅಗತ್ಯವಿಲ್ಲ.

ಮೈಸೂರು ಪ್ರಾಂತ್ಯದ ಮನೆಗಳಲ್ಲಿ ಒಂದು ಕಾಲಕ್ಕೆ ನಂಜನಗೂಡಿನ ಹಲ್ಲುಪುಡಿಯೇ ಹಲ್ಲುಜ್ಜುವ ಸಾಧನವಾಗಿತ್ತು. ಹಿರಿಯರು ಅದನ್ನು ಬಳಸುವುದರ ಬಗ್ಗೆ ಇಲ್ಲಿ ಏನೂ ಹೇಳಬೇಕಿಲ್ಲ. ಆದರೆ ಪುಟ್ಟ ಮಕ್ಕಳಿಗೆ ಬೇಕಾದುದು ಮೃದುವಾದ ಬ್ರಷ್ ಮತ್ತು ಫ್ಲೋರೈಡ್. ಇದ್ದಿಲು, ಬೂದಿ, ಪುಡಿಯುಪ್ಪು, ಇಟ್ಟಿಗೆಪುಡಿಗಳಿಂದ ಹಾಲುಹಲ್ಲಿನ ತೆಳುವಾದ ಮೇಲ್ಕವಚ ಸವೆಯುತ್ತದೆ. ತಂಬಾಕು ಬೆರೆತ ಪುಡಿಗಳನ್ನಂತೂ ಮನೆಯಲ್ಲಿ ಇರಿಸಿಕೊಳ್ಳಲೇಬಾರದು.

ಬೆಂಗಳೂರಿನ ಹಳೆಯ ಬಡಾವಣೆಗಳಿಗೆ ಕೊಳಾಯಿಯಲ್ಲಿ ಬರುವ ಕಾವೇರಿ ನೀರಿನಲ್ಲಿ ಫ್ಲೋರೈಡ್ ಅಂಶ ಕಡಿಮೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಹಲವು ಕೊಳವೆಬಾವಿಗಳಲ್ಲಿ ಇದು ಮಿತಿಮೀರಿ ಇದ್ದು, 8 ವರ್ಷದೊಳಗೆ ಆ ನೀರನ್ನು ಕುಡಿದು ಬೆಳೆದ ಮಕ್ಕಳ ಶಾಶ್ವತ ಹಲ್ಲುಗಳಲ್ಲಿ ಬಿಳಿ ಅಥವಾ ಕಂದು ಪಟ್ಟೆಗಳು ಕಾಣಿಸಿಕೊಳ್ಳುತ್ತವೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಅವಕಾಶವಿದೆ. ಆ ಭಾಗಗಳಿಂದ ಬಂದು ನೆಲೆಸಿದ ಅಥವಾ ಮಗುವನ್ನು ದೀರ್ಘಕಾಲ ಅಲ್ಲಿಯ ಅಜ್ಜಿಯ ಮನೆಯಲ್ಲಿ ಬಿಡುವ ಕುಟುಂಬದವರು ಈ ವಿಷಯವನ್ನು ದಂತವೈದ್ಯರಿಗೆ ತಿಳಿಸುವುದು ಸೂಕ್ತ.

ಸಿಹಿ, ಹಬ್ಬ ಮತ್ತು ಔಷಧಿ

ಎರಡು ವರ್ಷ ತುಂಬುವವರೆಗೆ ಮಗುವಿನ ಆಹಾರಕ್ಕೆ ಸಕ್ಕರೆಯನ್ನಾಗಲೀ ಬೆಲ್ಲವನ್ನಾಗಲೀ ಬೆರೆಸದಿರುವುದು ಒಳ್ಳೆಯದು. ರಾಗಿ ಸರಿಯನ್ನು ಸಪ್ಪೆಯಾಗಿ ಅಥವಾ ಮಸೆದ ಬಾಳೆಹಣ್ಣಿನೊಂದಿಗೆ ಕೊಡಬಹುದು. ಬೆಲ್ಲ ಸಕ್ಕರೆಗಿಂತ ಒಳ್ಳೆಯದೆಂಬ ಭಾವನೆ ಇದ್ದರೂ ಹಲ್ಲಿನ ಮಟ್ಟಿಗೆ ಎರಡಕ್ಕೂ ವ್ಯತ್ಯಾಸವಿಲ್ಲ. ಹಾಲಿನಲ್ಲಿ ಅದ್ದಿದ ಬಿಸ್ಕತ್ತು, ಬನ್ನು ಮತ್ತು ರಸ್ಕುಗಳು ಚಾಕೊಲೇಟಿಗಿಂತಲೂ ಹೆಚ್ಚು ಹೊತ್ತು ಹಲ್ಲಿಗೆ ಅಂಟಿಕೊಂಡಿರುತ್ತವೆ ಎಂಬುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ.

ಹಬ್ಬದ ದಿನ ಮಗುವಿಗೆ ಸಿಹಿಯನ್ನು ನಿಷೇಧಿಸಬೇಕೆಂಬುದು ಇಲ್ಲಿಯ ಉದ್ದೇಶವಲ್ಲ. ಸಂಕ್ರಾಂತಿಗೆ ಎಳೆಯ ಮಕ್ಕಳಿಗೆ ಎಲಚಿಹಣ್ಣು ಎರೆಯುವ, ಎಳ್ಳುಬೆಲ್ಲ ಬೀರುವ ಮನೆಗಳಲ್ಲಿ ಗಾಂಧಿ ಬಜಾರಿನಿಂದಲೋ ಮಲ್ಲೇಶ್ವರದ 8ನೇ ಅಡ್ಡರಸ್ತೆಯಿಂದಲೋ ತಂದ ಸಕ್ಕರೆ ಅಚ್ಚುಗಳು ಹಬ್ಬ ಮುಗಿದ ಮೇಲೂ ಡಬ್ಬಿಯಲ್ಲಿ ಉಳಿದಿರುತ್ತವೆ. ತೊಂದರೆ ಇರುವುದು ಹಬ್ಬದ ದಿನದ ಅಚ್ಚಿನಲ್ಲಿ ಅಲ್ಲ. ಮುಂದಿನ ಹದಿನೈದು ದಿನ ಮಗು ಅತ್ತಾಗಲೆಲ್ಲ ಡಬ್ಬಿಯಿಂದ ತೆಗೆದುಕೊಡುವ ಚೂರುಗಳಲ್ಲಿ. ಸಿಹಿಯನ್ನು ಊಟದ ಜೊತೆಯಲ್ಲಿಯೇ ಕೊಟ್ಟು ನೀರು ಕುಡಿಸಿದರೆ ಹಾನಿ ಬಹುಮಟ್ಟಿಗೆ ತಗ್ಗುತ್ತದೆ. ಕಾರ್ತಿಕ ಮಾಸದ ಕೊನೆಯ ಸೋಮವಾರದ ಬಸವನಗುಡಿ ಕಡಲೆಕಾಯಿ ಪರಿಷೆಯ ಬೆಂಡು ಬತ್ತಾಸುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಇಡೀ ಕಡಲೆಬೀಜವನ್ನು ಮಾತ್ರ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು; ಅದು ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ.

ಮಕ್ಕಳಿಗೆ ನೀಡಲಾಗುವ ಕಬ್ಬಿಣಾಂಶದ ಸಿರಪ್‌ನಿಂದ ಹಲ್ಲುಗಳು ಕಪ್ಪಾದವೆಂದು ಕೆಲವು ತಾಯಂದಿರು ಅದನ್ನು ನಿಲ್ಲಿಸುತ್ತಾರೆ. ಇದು ಮೇಲ್ಮೈಯ ಕಲೆಯೇ ಹೊರತು ಹುಳುಕಲ್ಲ. ದಂತವೈದ್ಯರು ಸುಲಭವಾಗಿ ತೆಗೆಯಬಲ್ಲರು. ಸಿರಪ್ಪನ್ನು ನಾಲಗೆಯ ಹಿಂಭಾಗಕ್ಕೆ ಹನಿಸಿ, ಕೂಡಲೇ ನೀರು ಕುಡಿಸಿ, ಮುಂದುವರಿಸತಕ್ಕದ್ದು. ರಕ್ತಹೀನತೆಯ ಹಾನಿ ಕಲೆಯ ಹಾನಿಗಿಂತ ಬಹಳ ದೊಡ್ಡದು.

ತಾಯಿಯ ಬಾಯಿಯಲ್ಲಿರುವ ಹುಳುಕಿನ ಸೂಕ್ಷ್ಮಾಣುಗಳು ಜೊಲ್ಲಿನ ಮೂಲಕ ಮಗುವಿಗೆ ಹರಡುತ್ತವೆಂಬುದು ಸಂಶೋಧನೆಗಳಿಂದ ತಿಳಿದುಬಂದಿದೆ. ಇದನ್ನು ಕೇಳಿ ಮಗುವಿಗೆ ಮುತ್ತಿಡಲೂ ಹೆದರುವವರಿದ್ದಾರೆ. ಅಷ್ಟು ಭಯ ಅನಗತ್ಯ. ಸಕ್ಕರೆಯನ್ನು ಮಿತಗೊಳಿಸಿ, ದಿನಕ್ಕೆರಡು ಬಾರಿ ಉಜ್ಜಿದರೆ ಆ ಸೂಕ್ಷ್ಮಾಣುಗಳು ಹೆಚ್ಚು ಹಾನಿ ಮಾಡಲಾರವು. ತಾಯಿಯೂ ತಂದೆಯೂ ತಮ್ಮ ಹುಳುಕು ಹಲ್ಲುಗಳಿಗೆ ಚಿಕಿತ್ಸೆ ಮಾಡಿಸಿಕೊಳ್ಳುವುದು ಮತ್ತು ಉಣಿಸುವ ಚಮಚವನ್ನು ಮೊದಲು ತಮ್ಮ ಬಾಯಿಗೆ ಹಾಕಿ ನೋಡದಿರುವುದು ಸಾಕು.

ತುಟಿ ಎತ್ತಿ ನೋಡುವ ಪರೀಕ್ಷೆ

ತಿಂಗಳಿಗೊಮ್ಮೆ ಹಗಲು ಬೆಳಕಿನಲ್ಲಿ ಮಗುವಿನ ಮೇಲ್ದುಟಿಯನ್ನು ಎತ್ತಿ, ಮುಂಬಾಚಿ ಹಲ್ಲುಗಳು ವಸಡಿಗೆ ಸೇರುವ ಅಂಚನ್ನು ನೋಡತಕ್ಕದ್ದು. ಅಲ್ಲಿ ಸುಣ್ಣದಂತಹ ಮಂಕಾದ ಬಿಳಿ ಗೆರೆ ಕಂಡುಬಂದರೆ ಅದು ಹುಳುಕಿನ ಮೊದಲ ಗುರುತು. ಇದನ್ನು ಹಾಲಿನ ಕೆನೆಯೆಂದೋ ಹೊಸ ಹಲ್ಲಿನ ಬಣ್ಣವೆಂದೋ ತಪ್ಪು ತಿಳಿಯುವುದುಂಟು. ಬಟ್ಟೆಯಿಂದ ಒರೆಸಿದಾಗ ಹೋಗದಿದ್ದರೆ ಕೂಡಲೇ ದಂತವೈದ್ಯರಿಗೆ ತೋರಿಸಬೇಕು. ಈ ಹಂತದಲ್ಲಿ ನೋವಿರುವುದಿಲ್ಲ, ರಂಧ್ರವೂ ಆಗಿರುವುದಿಲ್ಲ. ಫ್ಲೋರೈಡ್ ಲೇಪನ ಮತ್ತು ಅಭ್ಯಾಸಗಳ ಬದಲಾವಣೆಯಿಂದ ಹಲ್ಲು ಮತ್ತೆ ಗಟ್ಟಿಯಾಗಬಲ್ಲದು. ಗೆರೆ ಕಂದುಬಣ್ಣಕ್ಕೆ ತಿರುಗಿ ಕುಳಿಬಿದ್ದ ಮೇಲೆ ಈ ಅವಕಾಶ ಇರುವುದಿಲ್ಲ.

ಪ್ರತ್ಯೇಕ ದಿನವನ್ನು ನೆನಪಿಟ್ಟುಕೊಳ್ಳಲಾಗದವರು ಲಸಿಕೆಯ ದಿನಗಳನ್ನೇ ಆಧಾರವಾಗಿಟ್ಟುಕೊಳ್ಳಬಹುದು. 9ನೇ ತಿಂಗಳಿನ ದಡಾರ–ರುಬೆಲ್ಲಾ ಲಸಿಕೆ, 16ರಿಂದ 24 ತಿಂಗಳೊಳಗಿನ ವರ್ಧಕ ಲಸಿಕೆಗಳು ಮತ್ತು 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ ನೀಡುವ ಎ ಅನ್ನಾಂಗದ ಹನಿಗಳಿಗಾಗಿ ಮಗುವನ್ನು ಹೇಗೂ ಕರೆದೊಯ್ಯಬೇಕಾಗುತ್ತದೆ. ಆ ದಿನ ಆರೋಗ್ಯ ಸಹಾಯಕಿಯವರಿಗೆ ಹಲ್ಲುಗಳನ್ನೂ ನೋಡಲು ಕೋರಬಹುದು.

ಸೇವೆ ಪಡೆಯುವ ವಿಧಾನ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಆರೋಗ್ಯ ತಪಾಸಣೆ ನಡೆಯುತ್ತಿದ್ದು, ಗುರುತಿಸಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹಲ್ಲಿನ ಸಮಸ್ಯೆಗಳೂ ಸೇರಿವೆ. ಅಂಗನವಾಡಿ ಮಕ್ಕಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ವರ್ಷಕ್ಕೆ ಒಂದು ಬಾರಿ ತಪಾಸಣೆ ಮಾಡುವ ವ್ಯವಸ್ಥೆ ಇದೆ. ತಂಡ ಬರುವ ದಿನಾಂಕವನ್ನು ಅಂಗನವಾಡಿ ಕಾರ್ಯಕರ್ತೆಯವರಿಂದ ತಿಳಿದು ಅಂದು ಮಗುವನ್ನು ತಪ್ಪದೆ ಕಳುಹಿಸತಕ್ಕದ್ದು. ತಂಡವು ಶಿಫಾರಸು ಚೀಟಿ ನೀಡಿದರೆ ಅದನ್ನು ಜೋಪಾನವಾಗಿಟ್ಟು ಆಸ್ಪತ್ರೆಯಲ್ಲಿ ತೋರಿಸಬೇಕು. ಮಗುವನ್ನು ಅಂಗನವಾಡಿಗೆ ಕಳುಹಿಸದ ಕುಟುಂಬದವರು ಈ ತಪಾಸಣೆಯಿಂದ ಹೊರಗುಳಿಯುವ ಸಾಧ್ಯತೆ ಇರುವುದರಿಂದ ನೇರವಾಗಿ ಆಸ್ಪತ್ರೆಗೆ ಬರುವುದು ಒಳಿತು.

ಕೋಟೆ ಪ್ರದೇಶದಲ್ಲಿ, ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ದಂತ ವೈದ್ಯಕೀಯ ಮಹಾವಿದ್ಯಾಲಯವು 1958ರಲ್ಲಿ ಸ್ಥಾಪನೆಯಾದುದು. ಇಲ್ಲಿ ಮಕ್ಕಳ ದಂತ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ. ಚಾಮರಾಜಪೇಟೆಯವರಿಗೆ ಇದು ನಡೆದು ಬರುವಷ್ಟು ಹತ್ತಿರ. ಮಲ್ಲೇಶ್ವರದವರು ಸಂಪಿಗೆ ರಸ್ತೆ ನಿಲ್ದಾಣದಿಂದ, ಬಸವನಗುಡಿಯವರು ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಮೆಟ್ರೊ ಹಸಿರು ಮಾರ್ಗದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣಕ್ಕೆ ಬಂದು ಇಳಿಯಬಹುದು. ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಯಲ್ಲಿಯೂ ದಂತ ವಿಭಾಗವಿದ್ದು, ಪ್ರಾಥಮಿಕ ತಪಾಸಣೆಗೆ ಅಲ್ಲಿಗೆ ಹೋಗಬಹುದು.

ಹೊರರೋಗಿ ಚೀಟಿಯನ್ನು ಬೆಳಗಿನ ವೇಳೆಯಲ್ಲಿ ಪಡೆಯುವುದು ಅನುಕೂಲಕರ. ಮಗುವಿನ ತಾಯಿ ಕಾರ್ಡ್ ಅಥವಾ ಲಸಿಕಾ ಕಾರ್ಡ್, ಪೋಷಕರ ಗುರುತಿನ ಚೀಟಿ, ಪಡಿತರ ಚೀಟಿ ಇದ್ದಲ್ಲಿ ಅದು ಮತ್ತು ಮಗುವಿಗೆ ಈಗ ನೀಡುತ್ತಿರುವ ಔಷಧಿಗಳ ಚೀಟಿಯನ್ನು ಜೊತೆಗೆ ತರತಕ್ಕದ್ದು. ಹೃದಯದ ತೊಂದರೆ, ಫಿಟ್ಸ್, ರಕ್ತಸ್ರಾವದ ಕಾಯಿಲೆ ಅಥವಾ ಔಷಧಿಯ ಒಗ್ಗದಿಕೆ ಇದ್ದರೆ ಮೊದಲೇ ತಿಳಿಸಬೇಕು. ಚಿಕಿತ್ಸೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಬೇಕಾಗುವುದರಿಂದ ತಾಯಿ, ತಂದೆ ಅಥವಾ ಕಾನೂನುಬದ್ಧ ಪೋಷಕರು ಮಗುವಿನೊಂದಿಗೆ ಇರುವುದು ಅಗತ್ಯ. ನೆರೆಯವರೊಂದಿಗೆ ಮಗುವನ್ನು ಕಳುಹಿಸಿದರೆ ಮತ್ತೊಂದು ದಿನ ಬರಬೇಕಾಗಬಹುದು.

ಮಗುವಿನ ಮೊದಲ ಭೇಟಿ ಒಂದು ವರ್ಷ ತುಂಬುವುದರೊಳಗೆ ಆಗುವುದು ಉತ್ತಮ. ಪುಟ್ಟ ಮಗುವಿನ ಪರೀಕ್ಷೆಯನ್ನು ಯಂತ್ರದ ಕುರ್ಚಿಯಲ್ಲಿ ಮಾಡಬೇಕಿಲ್ಲ. ತಾಯಿ ಮತ್ತು ವೈದ್ಯರು ಮಂಡಿಗೆ ಮಂಡಿ ತಾಗುವಂತೆ ಎದುರುಬದುರು ಕುಳಿತು, ಮಗುವನ್ನು ತಾಯಿಯ ತೊಡೆಯ ಮೇಲೆ ಮಲಗಿಸಿ ತಲೆ ವೈದ್ಯರ ಮಡಿಲಲ್ಲಿ ಇರುವಂತೆ ಮಾಡಿದರೆ ಒಂದೆರಡು ನಿಮಿಷಗಳಲ್ಲಿ ಪರೀಕ್ಷೆ ಮುಗಿಯುತ್ತದೆ. ತಾಯಿಯ ಮುಖ ಕಾಣುತ್ತಿರುವುದರಿಂದ ಮಗುವಿಗೆ ಭಯ ಕಡಿಮೆ. ಮನೆಯಲ್ಲಿ ತುಂಟತನ ಮಾಡಿದಾಗ "ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಹಲ್ಲು ಕೀಳಿಸುತ್ತೇನೆ" ಎಂದು ಹೆದರಿಸಿದ ಮಗುವಿಗೆ ಮುಂದೆ ಚಿಕಿತ್ಸೆ ನೀಡುವುದು ಬಹಳ ಕಷ್ಟವಾಗುತ್ತದೆ.

ಹುಳುಕಿನ ಆಳವನ್ನು ಅನುಸರಿಸಿ ಚಿಕಿತ್ಸೆ ಬೇರೆಯಾಗುತ್ತದೆ. ಸಣ್ಣ ಕುಳಿಗಳನ್ನು ತುಂಬಲಾಗುತ್ತದೆ. ಕೊರೆಯಲು ಸಹಕರಿಸದ ಮಗುವಿನಲ್ಲಿ ಹುಳುಕು ಹರಡದಂತೆ ತಡೆಯಲು ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಲೇಪಿಸುವ ವಿಧಾನವಿದ್ದು, ಇದು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿತು. ಲೇಪಿಸಿದ ಹುಳುಕಿನ ಭಾಗ ಶಾಶ್ವತವಾಗಿ ಕಪ್ಪಾಗುತ್ತದೆ. ಇದನ್ನು ವೈದ್ಯರಿಂದ ಮೊದಲೇ ಕೇಳಿ ತಿಳಿದು ಒಪ್ಪಿಗೆ ನೀಡತಕ್ಕದ್ದು. ಬೇರಿನವರೆಗೆ ಹುಳುಕು ತಲುಪಿದ್ದರೆ ಹಾಲುಹಲ್ಲಿಗೂ ಬೇರು ಚಿಕಿತ್ಸೆ ಮಾಡಿ ಉಕ್ಕಿನ ಕವಚ ತೊಡಿಸಲಾಗುತ್ತದೆ. ಕೀಳಲೇಬೇಕಾದ ದವಡೆ ಹಲ್ಲಿನ ಜಾಗವನ್ನು ಕಾಯ್ದಿರಿಸಲು ತಂತಿಯ ಸಾಧನ ಅಳವಡಿಸುವುದುಂಟು. ಎಂಟು ಹತ್ತು ಹಲ್ಲುಗಳು ಏಕಕಾಲಕ್ಕೆ ಹಾಳಾದ ಎಳೆಯ ಮಗುವಿಗೆ ಪೂರ್ಣ ಅರಿವಳಿಕೆ ನೀಡಿ ಚಿಕಿತ್ಸೆ ಮಾಡಬೇಕಾಗಬಹುದು. ಅಂತಹ ಸಂದರ್ಭದಲ್ಲಿ ರಕ್ತಪರೀಕ್ಷೆ, ಮಕ್ಕಳ ತಜ್ಞರ ಅಭಿಪ್ರಾಯ ಮತ್ತು ಹಲವು ದಿನಗಳ ಓಡಾಟ ಅನಿವಾರ್ಯವಾಗುತ್ತದೆ.

ಹಲ್ಲುನೋವಿನ ಮಗುವಿಗೆ ಆಸ್ಪತ್ರೆ ತಲುಪುವವರೆಗೆ ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ದ್ರಾವಣವನ್ನು ನೀಡಬಹುದು. ಲವಂಗದ ಎಣ್ಣೆಯನ್ನು ವಸಡಿಗೆ ಹಚ್ಚಿದರೆ ಎಳೆಯ ಮಕ್ಕಳ ಚರ್ಮ ಸುಡುತ್ತದೆ. ಆಸ್ಪಿರಿನ್ ಮಾತ್ರೆಯನ್ನು ಕೊಡಬಾರದು. ಕೆನ್ನೆಯ ಬಾವು ಕಣ್ಣಿನತ್ತ ಅಥವಾ ಕುತ್ತಿಗೆಯತ್ತ ಹರಡುತ್ತಿದ್ದರೆ, ಜ್ವರವಿದ್ದು ಮಗು ಬಾಯಿ ತೆರೆಯಲು ಅಥವಾ ನುಂಗಲು ಆಗದಿದ್ದರೆ ಹೊರರೋಗಿ ವಿಭಾಗದ ಸಮಯಕ್ಕಾಗಿ ಕಾಯದೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕಕ್ಕೆ ಕರೆದೊಯ್ಯತಕ್ಕದ್ದು. 108 ಆಂಬುಲೆನ್ಸ್ ಸೇವೆಯನ್ನು ಬಳಸಬಹುದು.

ಆಟವಾಡುವಾಗ ಬಿದ್ದು ಹಾಲುಹಲ್ಲು ಪೂರ್ತಿ ಕಿತ್ತುಬಂದರೆ ಅದನ್ನು ಮತ್ತೆ ಸ್ವಸ್ಥಾನದಲ್ಲಿ ಕೂರಿಸಬಾರದು. 6 ವರ್ಷದ ನಂತರ ಬಂದ ಶಾಶ್ವತ ಹಲ್ಲಾದರೆ ಬೇರನ್ನು ಮುಟ್ಟದೆ, ಉಜ್ಜಿ ತೊಳೆಯದೆ, ಹಾಲಿನಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ದಂತವೈದ್ಯರನ್ನು ತಲುಪತಕ್ಕದ್ದು. ಇದೇ ವಯಸ್ಸಿನಲ್ಲಿ ಕೊನೆಯ ಹಾಲುದವಡೆಯ ಹಿಂದೆ, ಯಾವ ಹಲ್ಲೂ ಬೀಳದೆಯೇ, ಮೊದಲ ಶಾಶ್ವತ ದವಡೆ ಹಲ್ಲು ಸದ್ದಿಲ್ಲದೆ ಮೂಡುತ್ತದೆ. ಅದನ್ನೂ ಹಾಲುಹಲ್ಲೆಂದು ತಿಳಿದು ಹುಳುಕಾಗಲು ಬಿಡುವ ಪೋಷಕರು ಬಹಳ. 6ನೇ ಹುಟ್ಟುಹಬ್ಬದ ಆಸುಪಾಸಿನಲ್ಲಿ ಮಗುವನ್ನು ತಪಾಸಣೆಗೆ ಕರೆತಂದರೆ ಆ ಹಲ್ಲಿನ ಸಂದುಗಳನ್ನು ಮುಚ್ಚುವ ಲೇಪನದ ಬಗ್ಗೆ ಮಕ್ಕಳ ದಂತ ವಿಭಾಗದಲ್ಲಿ ಸಲಹೆ ಪಡೆಯಬಹುದು.